ಲಿಂಗದ ನಿಷ್ಠೆ

ಷಟ್‌ಸ್ಥಲದ ವಿಚಾರವನ್ನು ಹೇಳುವಾಗ ಹಿರಿಯರು ಭಕ್ತಸ್ಥಲಕ್ಕೆ ಶ್ರದ್ಧೆಯನ್ನೂ ಮಾಹೇಶ್ವರಸ್ಥಲಕ್ಕೆ ನಿಷ್ಠೆಯನ್ನೂ ಲಕ್ಷಣವಾಗಿ ಹೇಳುವರು. ಈ ನಿಷ್ಠೆಯು ಭಕ್ತನು ಲಿಂಗದಲ್ಲಿ ಇಡತಕ್ಕುದು. ಆದರೆ ಇಟ್ಟ ನಿಷ್ಠೆ ಮುರಿದುಬಿದ್ದ ದಿನ ಭಕ್ತನ ಗತಿಯೇನು? ಲಿಂಗದ ಕಡೆಯಿಂದಲೂ ಭಕ್ತನಲ್ಲಿ ಒಂದು ನಿಷ್ಠೆ ಉಂಟೆ? ಇದು ಕೇವಲ ಪಂಡಿತರ ಚರ್ಚೆಯ ಮಾತಲ್ಲ. ಸಂಸಾರದಲ್ಲಿದ್ದು ದಿನಕ್ಕೊಮ್ಮೆಯಾದರೂ ಎಡವುವ ನಮ್ಮಂತಹವರು ಕೇಳಲೇಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ನನ್ನ ಮುಂದೆ ತಂದವರು ಒಬ್ಬ ಗೃಹಸ್ಥರು. ತಂದೆಯ ಕಾಲಾನಂತರ ಅಣ್ಣತಮ್ಮಂದಿರ ಪಾಲುಪತ್ರವಾಗುವಾಗ, ತಮ್ಮನಿಗೆ ಸಲ್ಲಬೇಕಾದ ಬಾವಿಯ ನೀರಿನ ಹಕ್ಕನ್ನು ಇವರು ಮರೆಮಾಚಿ ಬರೆಸಿದ್ದರು. ಓದುಬರಹ ಅಷ್ಟಾಗಿ ಬಾರದ ತಮ್ಮನು ಅಣ್ಣನ ಮಾತಿನ ಮೇಲೆ ಹೆಬ್ಬೆಟ್ಟು ಒತ್ತಿದನು. ಅಂದಿನಿಂದ ಮೂರು ತಿಂಗಳು ಇವರು ಲಿಂಗವನ್ನು ಕರಸ್ಥಲಕ್ಕೆ ತಂದಿರಲಿಲ್ಲ. “ಅಯ್ಯನವರೆ, ಆ ಕಾಗದಕ್ಕೆ ರುಜು ಮಾಡಿದ ಕೈ ಇದು. ಇದರಲ್ಲಿ ಹೇಗೆ ಲಿಂಗವನ್ನು ಇಟ್ಟುಕೊಳ್ಳಲಿ? ಕರಡಿಗೆಯನ್ನೇ ಕಣ್ಣಿಗೊತ್ತಿಕೊಂಡು ಉಣ್ಣುತ್ತಿದ್ದೇನೆ” ಎಂದರು. ವಯಸ್ಸಾದ ಮನುಷ್ಯರು; ಹೇಳುವಾಗ ತಲೆಯೆತ್ತಲಿಲ್ಲ.

ಅವರ ಅಳುಕನ್ನು ನಾನು ಹಗುರವಾಗಿ ಕಾಣಲಾರೆ. ಏಲೇಶ್ವರ ಕೇತಯ್ಯ, ಅಕ್ಕಮ್ಮ ಮೊದಲಾದವರ ವಚನಗಳನ್ನು ಓದಿದವರಿಗೆ ವ್ರತಾಚಾರದ ವಿಷಯದಲ್ಲಿ ಶರಣರು ಎಷ್ಟು ಕಠಿಣರಾಗಿದ್ದರೆಂಬುದು ತಿಳಿದೇ ಇದೆ. ತಪ್ಪನ್ನು ತಪ್ಪೆನ್ನದೆ, ಶಿವನು ಕರುಣಾಳು ಎಂದು ಹೇಳಿ ಕೈತೊಳೆದುಕೊಳ್ಳುವುದು ಶರಣಮಾರ್ಗವಲ್ಲ. ಆದರೆ ತಪ್ಪಿದೆನೆಂದು ಲಿಂಗದಿಂದ ದೂರ ಸರಿಯುವುದೂ ಶರಣಮಾರ್ಗವಲ್ಲ. ಅದರಲ್ಲಿ ಒಂದು ಸೂಕ್ಷ್ಮವಾದ ಅಹಂಕಾರ ಅಡಗಿದೆ. ‘ನಾನು ಶುದ್ಧನಾಗಿದ್ದಾಗ ಮಾತ್ರ ಆತನ ಮುಂದೆ ನಿಲ್ಲುವೆನು’ ಎನ್ನುವವನು ಇಷ್ಟು ದಿನ ತನ್ನ ಶುದ್ಧತೆಯ ಬಲದಿಂದಲೇ ಪೂಜೆ ನಡೆಯಿತೆಂದು ತಿಳಿದಂತಾಯಿತಲ್ಲವೆ?

ಬಸವಣ್ಣನವರನ್ನು ನೋಡಿರಿ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಅಧಿಕಾರ ಹೊತ್ತವರು. ಶರಣ ಸಮೂಹಕ್ಕೆಲ್ಲ ಆಶ್ರಯವಾದವರು. ಆದರೂ ಅವರ ವಚನಗಳಲ್ಲಿ ಆತ್ಮನಿಂದೆಯ ವಚನಗಳು ಎಷ್ಟಿವೆ! ತಮ್ಮ ಮನಸ್ಸಿನ ಚಾಂಚಲ್ಯವನ್ನೂ, ಭಕ್ತಿಯ ಹುಸಿಯನ್ನೂ ಅವರು ತಾವೇ ಬಯಲಿಗೆಳೆದುಕೊಂಡಷ್ಟು ಬೇರೆ ಯಾರೂ ಎಳೆಯಲಾರರು. ಇದನ್ನು ವಿನಯವೆಂದು ಹೇಳಿ ಮುಂದೆ ಹೋಗುವುದು ನಮ್ಮ ರೂಢಿ. ನನಗೆ ಅಷ್ಟರಿಂದ ಸಮಾಧಾನವಿಲ್ಲ. ಆ ವಚನಗಳ ಕೊನೆಯನ್ನು ಗಮನಿಸಬೇಕು. ಆನಂದದಿಂದ ಹಾಡಿದ ವಚನದ ಕೊನೆಗೂ ಕೂಡಲಸಂಗಮದೇವ. ನಾನು ಕೆಟ್ಟೆನೆಂದು ಮೊರೆಯಿಟ್ಟ ವಚನದ ಕೊನೆಗೂ ಅದೇ ಕೂಡಲಸಂಗಮದೇವ. ಭಕ್ತನ ಸ್ಥಿತಿ ಸಾಲುಸಾಲಿಗೆ ಬದಲಾಗುತ್ತದೆ, ಅಂಕಿತ ಬದಲಾಗುವುದಿಲ್ಲ. ತನ್ನ ತಪ್ಪನ್ನು ಒಪ್ಪಿಕೊಳ್ಳುವ ಮಾತನ್ನೂ ಆತನ ಹೆಸರಿನಿಂದಲೇ ಮುಗಿಸಬಹುದೆಂಬ ಧೈರ್ಯ ಬಸವಣ್ಣನವರಿಗೆ ಎಲ್ಲಿಂದ ಬಂದಿತು? ತಮ್ಮ ಭಕ್ತಿಯಿಂದಂತೂ ಅಲ್ಲ. ಅದು ಹುಸಿಯೆಂದು ಅವರೇ ಹೇಳಿದ್ದಾರೆ.

ನುಲಿಯ ಚಂದಯ್ಯನವರ ಕಥೆಯೂ ಇಲ್ಲಿ ನೆನಪಿಗೆ ಬರುತ್ತದೆ. ಹಗ್ಗ ಹೊಸೆಯುವುದು ಅವರ ಕಾಯಕ. ಅದಕ್ಕಾಗಿ ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿ ಬಿದ್ದಿತು. ಚಂದಯ್ಯನವರು ಎತ್ತಿಕೊಳ್ಳದೆ ನಡೆದರು. ಲಿಂಗವೇ ಅವರ ಬೆನ್ನು ಹತ್ತಿ ಬಂದಿತು. ಕೊನೆಗೆ ಮಡಿವಾಳ ಮಾಚಯ್ಯನವರು ನಡುವೆ ನಿಂತು ಒಪ್ಪಿಸಬೇಕಾಯಿತು. ಕಾಯಕದ ಹಿರಿಮೆಯನ್ನು ಹೇಳಲು ಈ ಕಥೆಯನ್ನು ಉದಾಹರಿಸುವುದು ವಾಡಿಕೆ, ಅದು ಸರಿಯೇ. ಆದರೆ ಲಿಂಗವು ಬೆನ್ನು ಹತ್ತಿ ಬಂದಿತೆಂಬ ಆ ಒಂದು ಮಾತಿನ ಮೇಲೆ ನನ್ನ ಮನಸ್ಸು ನಿಲ್ಲುತ್ತದೆ. ಬಿಟ್ಟು ನಡೆದವನು ಭಕ್ತ, ಬಿಡದೆ ಬಂದವನು ದೇವ. ಚಂದಯ್ಯನವರು ಬಿಟ್ಟದ್ದು ಕಾಯಕನಿಷ್ಠೆಯಿಂದ, ನಾವು ಬಿಡುವುದು ಆಸೆಯಿಂದ. ಈ ಅಂತರ ಸಣ್ಣದೇನೂ ಅಲ್ಲ. ಹಾಗಾದರೂ ಹಿಂದೆ ಬರುವ ದೇವನು ಒಬ್ಬನೇ.

ಆ ಗೃಹಸ್ಥರನ್ನು ಕೇಳಿದೆ: “ಗೌಡರೆ, ಪತ್ರಕ್ಕೆ ರುಜು ಮಾಡುವಾಗ ಲಿಂಗವು ಎಲ್ಲಿತ್ತು?” ಅವರು ತಡೆದು, “ಎದೆಯ ಮೇಲೇ ಇತ್ತು” ಎಂದರು. ಎಂದ ಮೇಲೆ ಆ ಗಳಿಗೆಯಲ್ಲಿಯೂ ಆತನು ಇವರನ್ನು ಬಿಟ್ಟು ಹೋಗಿರಲಿಲ್ಲ. ಎಲ್ಲವನ್ನೂ ಕಂಡ ಮೇಲೂ ಶಿವದಾರ ಹರಿಯಲಿಲ್ಲ. ಗುರುವು ದೀಕ್ಷೆಯಲ್ಲಿ ಕೈಗಿತ್ತದ್ದು ಇವರ ಸದ್ಗುಣಕ್ಕೆ ಕೊಟ್ಟ ಕೂಲಿಯಾಗಿರಲಿಲ್ಲವಾದುದರಿಂದ, ದುರ್ಗುಣ ಕಂಡೊಡನೆ ಕಸಿದುಕೊಳ್ಳುವ ಮಾತೂ ಬರುವುದಿಲ್ಲ. ಪ್ರಸಾದವೆಂಬ ಶಬ್ದಕ್ಕೆ ಪ್ರಸನ್ನತೆಯೆಂದೇ ಅರ್ಥ. ಅದು ಆತನದು, ನಾವು ಸಂಪಾದಿಸಿದ್ದಲ್ಲ.

ಇಷ್ಟನ್ನು ಹೇಳಿ ಬಿಟ್ಟಿದ್ದರೆ ಅವರಿಗೆ ಅಪಕಾರ ಮಾಡಿದಂತೆ ಆಗುತ್ತಿತ್ತು. ಆದುದರಿಂದ ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನೂ ಹೇಳಿದೆ. ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಆಸೆಯೆಂದು ಗುರುತಿಸಿ, ಹೆಚ್ಚಿನದನ್ನು ಹಿಂದಕ್ಕೆ ಸಲ್ಲಿಸಿ ಬರುವಂತೆ ಹೇಳಿದರು. ಮಾರಯ್ಯನವರು ಹೋಗಿ ಸಲ್ಲಿಸಿ ಬಂದರು. ಜಂಗಮ ದಾಸೋಹ ಮೊದಲಿನಂತೆ ನಡೆಯಿತು. ತಪ್ಪಿದರೆಂದು ಅವರನ್ನು ಯಾರೂ ಶರಣರ ಗಣನೆಯಿಂದ ತೆಗೆಯಲಿಲ್ಲ. ತಂದುದನ್ನು ಇಟ್ಟುಕೊಳ್ಳುವಂತೆಯೂ ಯಾರೂ ಹೇಳಲಿಲ್ಲ. ತನ್ನನ್ನು ಕೈಬಿಡುವುದಿಲ್ಲವೆಂಬ ನೆಚ್ಚಿಗೆ ಇದ್ದವನು ಮಾತ್ರ ಹೀಗೆ ನಾಚಿಕೆಯಿಲ್ಲದೆ ಹಿಂದಿರುಗಿ ಹೋಗಬಲ್ಲನು. ಕೈಬಿಟ್ಟಾರೆಂದು ಅಂಜುವವನು ಅಕ್ಕಿಯನ್ನು ಮುಚ್ಚಿಡುತ್ತಾನೆ.

ಗೌಡರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಮೊದಲು ಪೂಜೆಯೋ, ಮೊದಲು ತಮ್ಮನ ಮನೆಯೋ?” ಎಂದು ಕೇಳಿದರು. ತಮ್ಮನ ಮನೆ ಎಷ್ಟು ದೂರವೆಂದು ವಿಚಾರಿಸಿದೆ. ಅದೇ ಓಣಿಯಲ್ಲಿ, ನಾಲ್ಕು ಮನೆಗಳಾಚೆ ಎಂದರು. “ಹಾಗಾದರೆ ಬೆಳಗ್ಗೆ ಪೂಜೆ ಮುಗಿಸಿಕೊಂಡು ಎದ್ದರೂ, ನಿಮ್ಮ ತಮ್ಮನು ಹೊಲಕ್ಕೆ ಹೊರಡುವ ಮೊದಲೇ ಹೋಗಿ ಮುಟ್ಟಬಹುದು” ಎಂದೆ.