ಗುಟ್ಟಿನ ಭಾಷೆ

ಡೊಂಬಿವಿಲಿಯ ನನ್ನ ಗೆಳೆಯ ಮುರಬಾಡದ ಹತ್ತಿರ ಎರಡು ಎಕರೆ ಗದ್ದೆ ಮಾಡುತ್ತಾನೆ. ಒಂದು ಭಾನುವಾರ ಹಳೆಯ ಎಚ್‌ಎಂಟಿ 2511 ಟ್ರ್ಯಾಕ್ಟರ್ ನೋಡಲು ನನ್ನನ್ನೂ ಕರೆದುಕೊಂಡು ಹೋದ. ಮೆಕ್ಯಾನಿಕಲ್ ಎಂಟೆಕ್ ಅನ್ನುವುದಕ್ಕಿಂತ, ಊರಿನ ನಮ್ಮ ಮನೆಯಲ್ಲೂ ಅದೇ ಗಾಡಿ ಇತ್ತು ಅನ್ನುವುದೇ ನನ್ನ ಅರ್ಹತೆ.

ನಮ್ಮ ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಜೆಟಾರ್ ಸಹಯೋಗದೊಂದಿಗೆ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡತೊಡಗಿತು. ಈ 25 ಅಶ್ವಶಕ್ತಿಯ ಪುಟ್ಟ ಗಾಡಿ ಆ ಕಾಲದ್ದು. 2016ರಲ್ಲಿ ಕೇಂದ್ರ ಸಂಪುಟ ಆ ವಿಭಾಗವನ್ನು ಮುಚ್ಚಲು ಒಪ್ಪಿತು.

ಮಾರುವವರು ಗಂಡನನ್ನು ಕಳೆದುಕೊಂಡ ವಯಸ್ಸಾದ ಮಾವಶಿ. ಎಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ನಾವು ಬರುವ ಮುಂಚೆ ಬಿಸಿ ಮಾಡಿಟ್ಟಿರಲಿಲ್ಲ. ತಕ್ಷಣ ಶುರುವಾಯಿತು. ಆಯಿಲ್ ಸುಡುವ ನೀಲಿ ಹೊಗೆಯಿಲ್ಲ, ಬ್ರೀದರ್‌ನಲ್ಲಿ ಆವಿಯಿಲ್ಲ, ಆಯಿಲ್‌ಗೆ ನೀರು ಸೇರಿ ಹಾಲಿನಂತಾಗಿಲ್ಲ. ದೋಷಗಳೂ ಇದ್ದವು: ಸ್ಟೀರಿಂಗ್ ಸಡಿಲ, ಹಿಂದಿನ ಟೈರು ಬಿರುಕು, ಎತ್ತಿ ನಿಲ್ಲಿಸಿದ ನೇಗಿಲು ನಿಧಾನವಾಗಿ ಕೆಳಗಿಳಿಯುತ್ತಿತ್ತು.

"ಎಂಜಿನ್ ಹೆಂಗದ?" ಗೆಳೆಯ ಕನ್ನಡದಲ್ಲಿ ಕೇಳಿದ. "ಭಾಳ ಚಲೋ ಅದ" ಅಂದೆ. ಅವನು ಮಾವಶಿಯ ಕಡೆ ತಿರುಗಿ ಮರಾಠಿಯಲ್ಲಿ, ಟೈರು ಹೋಗಿದೆ, ಸ್ಟೀರಿಂಗ್ ಹೋಗಿದೆ, ಕಂಪನಿಯೇ ಮುಚ್ಚಿದೆ, ಬಿಡಿಭಾಗ ಎಲ್ಲಿ ಹುಡುಕಲಿ ಎಂದ. ಒಂದೂ ಸುಳ್ಳಲ್ಲ. ಆದರೆ ದೋಷವೆಲ್ಲ ಮರಾಠಿಯಲ್ಲಿ, ಗುಣವೆಲ್ಲ ಕನ್ನಡದಲ್ಲಿ. ಲೋಕಲ್ ಟ್ರೇನಿನಲ್ಲಿ ಕಿವಿಗೆ ಬಿದ್ದರೆ ತಿರುಗಿ ನೋಡುವಂತೆ ಮಾಡುವ ನಮ್ಮ ಭಾಷೆ ಅಲ್ಲಿ ಗುಟ್ಟಿನ ಭಾಷೆಯಾಗಿತ್ತು.

ಆಗ ಮಾವಶಿ ನನ್ನನ್ನೇ ಕೇಳಿದರು: "ನೀನು ಎಂಜಿನಿಯರ್ ಅಂತಲ್ಲ ಮಗಾ, ನೀನೇ ಹೇಳು, ಗಾಡಿ ಹೇಗಿದೆ?"

ಮರಾಠಿಯಲ್ಲೇ ಹೇಳಿದೆ: "ಟೈರು, ಸ್ಟೀರಿಂಗ್‌ಗೆ ಖರ್ಚಿದೆ. ಎಂಜಿನ್ ಮಾತ್ರ ಚೆನ್ನಾಗಿದೆ."

ಕಲ್ಯಾಣ ಬರುವವರೆಗೂ ಗೆಳೆಯ ಮಾತಾಡಲಿಲ್ಲ. ಆಮೇಲೆ, "ನೀ ನನ್ನ ಜೋಡಿ ಬಂದಿದ್ದೋ, ಅವರ ಜೋಡಿನೋ?" ಎಂದ. ನ್ಯಾಯವಾದ ಪ್ರಶ್ನೆ.

ಎರಡು ಸಾವಿರ ವರ್ಷಗಳ ಹಿಂದೆ ಸಿಸೆರೊ ಇಂಥದೇ ಪ್ರಸಂಗ ಬರೆದಿದ್ದಾನೆ. ಜಮೀನು ಕೊಳ್ಳಲು ಹೋದ ಸ್ಕೆವೊಲ, ಮಾರುವವನು ಬೆಲೆ ಹೇಳಿದಾಗ ಇದರ ಯೋಗ್ಯತೆ ಅದಕ್ಕಿಂತ ಹೆಚ್ಚು ಎಂದು ಒಂದು ಲಕ್ಷ ಸೆಸ್ಟರ್ಸ್ ಸೇರಿಸಿ ಕೊಟ್ಟನಂತೆ. ಅವನು ಒಳ್ಳೆಯವನೇ, ಆದರೆ ಜಾಣನಲ್ಲ ಎಂದು ಜನ ಹೇಳುತ್ತಾರೆಂದೂ, ಒಳ್ಳೆಯತನ ಬೇರೆ ಜಾಣತನ ಬೇರೆ ಎಂಬ ಆ ಎಣಿಕೆಯೇ ಕೇಡಿನ ಮೂಲವೆಂದೂ ಸಿಸೆರೊ ವಾದಿಸುತ್ತಾನೆ.

ನಾನು ಅಷ್ಟು ದೂರ ಹೋಗಲಾರೆ. ಗೆಳೆಯ ಕಡಿಮೆಗೆ ಕೇಳಬಹುದು. ಚೌಕಾಸಿ ಅವನ ಹಕ್ಕು. ಆದರೆ ಬೆಲೆ ಬೇರೆ, ಸ್ಥಿತಿ ಬೇರೆ. ಬೆಲೆ ಇಬ್ಬರ ನಡುವಿನ ಒಪ್ಪಂದ; ಸ್ಥಿತಿ ಗಾಡಿಯದ್ದು, ಯಾರು ಕೇಳಿದರೂ ಅದೇ. ಅವನು ಮೋಸ ಹೋಗದಿರಲಿ ಎಂದು ನಾನು ಜೊತೆಗೆ ಹೋದೆ. ಅವನ ಪರವಾಗಿ ಇನ್ನೊಬ್ಬರನ್ನು ಮೋಸಗೊಳಿಸುವುದು ಆ ಋಣದಲ್ಲಿ ಸೇರಿರಲಿಲ್ಲ.

ಆದರೂ ಒಂದು ಮಾತು ಒಪ್ಪಬೇಕು. ಮಾವಶಿ ಕೇಳದೇ ಹೋಗಿದ್ದರೆ ನಾನಾಗಿಯೇ ಹೇಳುತ್ತಿರಲಿಲ್ಲ.

ಗೆಳೆಯ ಸ್ವಲ್ಪ ಹೆಚ್ಚಿಗೆ ಕೊಟ್ಟೇ ಕೊಂಡ. ಈ ಮಳೆಗಾಲ ಗದ್ದೆ ಹೂಡಿದ್ದು ಅದೇ ಗಾಡಿ.