ಸಾಲು ನಮ್ಮದು, ಜೇನು ಯಾರದು?

"ಮೌಶಿ, ನೀತೋ ಹಾಕ್ಕೊಳ್ಳಲೋ, ನೀನೇ ಹಾಕ್ಕೊಳ್ಳಲೋ?"

2023ರ ನವೆಂಬರಿನ ಒಂದು ಸಂಜೆ, ಪಟಾನ್‌ಚೆರುವಿನ ಅಕ್ಕನ ಮನೆಯ ಮಾಳಿಗೆಯ ಮೇಲೆ ಅಕ್ಕನ ಮಗಳು ಮೊಬೈಲ್ ಹಿಡಿದು ಹೀಗೆ ಕೇಳಿದಾಗ ಯಾವುದೋ ಸೀರೆಯ ಮಾತಿರಬೇಕು ಅಂದುಕೊಂಡೆ. ಅವಳು ನಕ್ಕಳು. ಬೆಂಗಳೂರಿನ ಐಲ್ ಎಂಬ ಕಂಪನಿ ದಕ್ಷಿಣದ ಒಂದೊಂದು ಭಾಷೆಗೂ ಜೋಡಿ ಹುಡುಕುವ ಒಂದೊಂದು ಆ್ಯಪ್ ತಂದಿತ್ತು. ಮಲಯಾಳಕ್ಕೆ ‘ಅರಿಕೆ’, ತಮಿಳಿಗೆ ‘ಅನ್ಬೆ’, ತೆಲುಗಿಗೆ ‘ನೀತೋ’, ಕನ್ನಡಕ್ಕೆ ‘ನೀನೇ’. ತೆಲುಗಿನ ನೀತೋ ಎಂದರೆ ನಿನ್ನ ಜೊತೆ. ನಮ್ಮ ನೀನೇ ಎಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಮನೆಯಲ್ಲಿ ಬೀದರ ಕನ್ನಡ, ಶಾಲೆಯಲ್ಲಿ ಕಲಿತ ತೆಲುಗು, ಬಜಾರಿನಲ್ಲಿ ದಖನಿ, ಗಚ್ಚಿಬೌಲಿಯ ಆಫೀಸಿನಲ್ಲಿ ಇಂಗ್ಲಿಷ್. ದಿನಕ್ಕೆ ನಾಲ್ಕು ಸಲ ನಾಲಗೆ ಬದಲಿಸುವ ಇಪ್ಪತ್ತೇಳರ ಹುಡುಗಿ ಯಾವ ಬಾಗಿಲು ತಟ್ಟಬೇಕು? ಮೂರು ವಾರದ ರಜೆಗೆಂದು ಅಮೆರಿಕದಿಂದ ಬಂದಿದ್ದ ನನ್ನ ಹತ್ತಿರ ಉತ್ತರವಿರಲಿಲ್ಲ. "ಎರಡೂ ಹಾಕ್ಕೋ" ಅಂದೆ.

ಪಟಾನ್‌ಚೆರು ಎಂಬುದು ನಿಮ್ಮಲ್ಲಿ ಬಹಳ ಮಂದಿಗೆ ಬಸ್ಸಿನ ಕಿಟಕಿಯಿಂದ ಕಂಡ ಬೋರ್ಡು ಮಾತ್ರ. ಬೀದರಿನಿಂದ ಹೊರಟ ಬಸ್ಸು ಜಹೀರಾಬಾದ್, ಸಂಗಾರೆಡ್ಡಿ ದಾಟಿ ಇಲ್ಲಿಗೆ ಬಂದಾಗ ಪ್ರಯಾಣಿಕರು ಸೀಟಿನ ಕೆಳಗೆ ಚಪ್ಪಲಿ ಹುಡುಕತೊಡಗುತ್ತಾರೆ. ಹೈದರಾಬಾದ್ ಬಂತು ಎಂದು ಅದರರ್ಥ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆಮೇಲೆ ಗಡಿ ಬಂತು. ಬೀಗಸ್ತನ ಬೆಳೆಸುವವರು ಮಾತ್ರ ಆ ಗಡಿಯನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

1972ರಲ್ಲಿ ಇಲ್ಲಿ ಇಕ್ರಿಸ್ಯಾಟ್ ಬಂತು. ಮಳೆಯನ್ನೇ ನಂಬಿದ ಒಣಸೀಮೆಯ ಬೆಳೆಗಳಿಗಾಗಿ ಹುಟ್ಟಿದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಕರಿನೆಲವೂ ಕೆಂಪುನೆಲವೂ ಒಂದೇ ಬೇಲಿಯೊಳಗೆ ಸಿಗುವ ಸುಮಾರು 1,400 ಹೆಕ್ಟೇರ್ ಜಾಗ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ. ನಮ್ಮ ಅಪ್ಪ ಬೀದರ ಕಡೆಯ ಹಳ್ಳಿಯಿಂದ ಬಂದು ಇದೇ ಹೊಲಗಳಲ್ಲಿ ಕೆಲಸಕ್ಕೆ ಸೇರಿದರು. ನಾವು ಅಕ್ಕತಂಗಿಯರು ಬೆಳೆದದ್ದು ತೊಗರಿಯ ಹೂವಿನ ಮಾತು ಕೇಳುತ್ತಲೇ.

ನನ್ನ ಮದುವೆ 1996ರಲ್ಲಿ ಆಯಿತು. ಅದಕ್ಕೂ ಒಂದು ತಂತ್ರಜ್ಞಾನ ಬೇಕಾಗಿತ್ತು: ಬೀದರ ಬಸ್ಸು. ಜಹೀರಾಬಾದಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ದೂರದ ಮಾವನೊಬ್ಬ ನಮಗೆ ಮಾತು ಹಚ್ಚಿದವನು. ನನ್ನ ಫೋಟೋ, ಕುಂಡಲಿ ಇದ್ದ ಕಂದು ಲಕೋಟೆಯನ್ನು ಅಪ್ಪ ಕಂಡಕ್ಟರನ ಕೈಗಿಟ್ಟು, "ಜಹೀರಾಬಾದ ಸ್ಟ್ಯಾಂಡಿನ್ಯಾಗ ಇಸ್ಕೋತಾರ್ರಿ" ಅಂದಿದ್ದರು. ಆ ಮಾವ ನನ್ನ ಎತ್ತರಕ್ಕೆ ಎರಡು ಇಂಚು ಸೇರಿಸಿದ್ದ, ಕನ್ನಡಕದ ಸುದ್ದಿ ಎತ್ತಿರಲಿಲ್ಲ. ಹುಡುಗನ ಕೂದಲಿನ ವಿಷಯದಲ್ಲೂ ಅಷ್ಟೇ ಉದಾರಿಯಾಗಿದ್ದನೆಂದು ಆಮೇಲೆ ತಿಳಿಯಿತು. ಆದರೆ ಮದುವೆಯಾದ ಮೇಲೆ ಅವನು ಕೈ ತೊಳೆದುಕೊಳ್ಳಲಿಲ್ಲ. ವರ್ಷಕ್ಕೆರಡು ಸಲ ಅತ್ತೆಯ ಮನೆಗೆ ಹೋಗಿ ಚಹಾ ಕುಡಿದು, "ನಮ್ಮ ಹುಡುಗಿ ಹೆಂಗದಾಳ್ರಿ?" ಅಂತ ಕೇಳುತ್ತಿದ್ದ. ಸುಳ್ಳು ಹೇಳಿದವನೂ ಅವನೇ, ಆ ಸುಳ್ಳಿಗೆ ಜಾಮೀನು ನಿಂತವನೂ ಅವನೇ.

ನಿಶ್ಚಯಕ್ಕೂ ಮದುವೆಗೂ ನಡುವೆ ಐದು ತಿಂಗಳು. ಪಟಾನ್‌ಚೆರು ಬಸ್‌ ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು ನಾನು ಅಮೆರಿಕದಲ್ಲಿದ್ದ ಹುಡುಗನ ಜೊತೆ ಮಾತಾಡುತ್ತಿದ್ದೆ. ಕಣ್ಣೆದುರು ಕೆಂಪು ಅಂಕಿಗಳು ಓಡುತ್ತಿದ್ದವು. ಮೀಟರಿನ ಮೇಲೆ ಒಂದು ಕಣ್ಣಿಟ್ಟು ಒಲವಿನ ಮಾತಾಡಿದ ಕಡೆಯ ತಲೆಮಾರು ನಮ್ಮದೇ ಇರಬೇಕು. ಹೇಳಬೇಕಾದ್ದನ್ನೆಲ್ಲ ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಚೀಟಿಯಲ್ಲಿಲ್ಲದ ಮಾತೊಂದು ನಡುವೆ ಬಂದರೆ ಆ ವಾರವೆಲ್ಲ ಅದೇ ನೆನಪು.

ನಾನು ಆ ಬೂತಿನಲ್ಲಿ ನಿಂತಿದ್ದ ಹೊತ್ತಿಗೇ ಲೋಕ ಬದಲಾಗತೊಡಗಿತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದರ ಬೆನ್ನಿಗೇ ಅನುಪಮ್ ಮಿತ್ತಲ್ ‘ಸಗಾಯಿ’ ಎಂದು ಶುರುಮಾಡಿದ ವಧೂವರರ ಜಾಲತಾಣ ಮುಂದೆ ‘ಶಾದಿ’ಯಾಯಿತು. 1997ರಲ್ಲಿ ಭಾರತ್ ಮ್ಯಾಟ್ರಿಮೊನಿ. ಅದರ ಕಥೆ ನಮಗೆ ಹತ್ತಿರದ್ದು. ಮುರುಗವೇಲ್ ಜಾನಕಿರಾಮನ್ ಆಗ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ಅಲ್ಲಿನ ತಮಿಳರಿಗೆಂದು ಮಾಡಿದ ಪುಟದಲ್ಲಿ ಪಂಚಾಂಗ, ಸುದ್ದಿ ಎಲ್ಲಕ್ಕಿಂತ ಜನ ಮುಗಿಬಿದ್ದದ್ದು ವಧೂವರರ ಮೂಲೆಗೆ. ಇಂದಿನ ಕನ್ನಡ ಮ್ಯಾಟ್ರಿಮೊನಿಯ ಬೇರು ಕೂಡ ಹೊರನಾಡಿನ ಒಂಟಿ ಅಪಾರ್ಟ್‌ಮೆಂಟುಗಳಲ್ಲೇ ಇದೆ. 2012ರಲ್ಲಿ ಟಿಂಡರ್ ಬಂದು, ಹುಡುಕುವ ಕೆಲಸ ಹೆಬ್ಬೆರಳಿಗೆ ಇಳಿಯಿತು. ಅಮೆರಿಕದಲ್ಲಿ 2017ರಲ್ಲಿ ಜೊತೆಯಾದ ಗಂಡು ಹೆಣ್ಣಿನ ಜೋಡಿಗಳಲ್ಲಿ ಶೇ. 39ರಷ್ಟು ಮೊದಲು ಭೇಟಿಯಾದದ್ದು ಆನ್‌ಲೈನಿನಲ್ಲಿ ಎಂದು ಸ್ಟ್ಯಾನ್‌ಫರ್ಡಿನ ಮೈಕೆಲ್ ರೋಸೆನ್‌ಫೆಲ್ಡ್ ತಂಡ ಕಂಡುಕೊಂಡಿತು. ಗೆಳೆಯರು, ಮನೆಯವರು ಪರಿಚಯಿಸುವ ಕಾಲ ಹಿಂದೆ ಸರಿದಿತ್ತು. ಜಹೀರಾಬಾದಿನ ಮಾವನಿಗೆ ಇಡೀ ಲೋಕದಲ್ಲಿ ಕೆಲಸ ಹೋಯಿತು ಅನ್ನಿ.

ಇದರ ಹಿಂದಿನ ಗಣಿತವೂ ಹಳೆಯದು. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಇಬ್ಬರು ಒಂದು ಚೆಂದದ ಸಂಗತಿಯನ್ನು ಸಾಧಿಸಿ ತೋರಿಸಿದರು. ಎಷ್ಟು ಗಂಡು, ಅಷ್ಟು ಹೆಣ್ಣು ಇದ್ದರೆ, ತಮ್ಮ ತಮ್ಮ ಸಂಗಾತಿಯನ್ನು ಬಿಟ್ಟು ಒಬ್ಬರ ಜೊತೆಗೊಬ್ಬರು ಓಡಿಹೋಗಲು ಬಯಸುವ ಇಬ್ಬರು ಉಳಿಯದಂತೆ ಎಲ್ಲರಿಗೂ ಜೋಡಿ ಹಾಕಬಹುದು. ಶೇಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ಇದಕ್ಕಿರುವುದು ಒಂದೇ ಷರತ್ತು: ಯಾರು ಮೊದಲು, ಯಾರು ಆಮೇಲೆ ಎಂಬ ಪಟ್ಟಿ ಪ್ರತಿಯೊಬ್ಬರ ಕೈಯಲ್ಲೂ ಮೊದಲೇ ಸಿದ್ಧವಿರಬೇಕು. ನಾನು ತೊಡರಿಕೊಳ್ಳುವುದು ಇಲ್ಲಿಯೇ. ನನಗೆ ಏನು ಬೇಕೆಂಬ ಪಟ್ಟಿ ತಯಾರಾದದ್ದು ಮದುವೆಯಾಗಿ ಹತ್ತು ವರ್ಷದ ಮೇಲೆ, ಅದೂ ಗಂಡನನ್ನು ನೋಡಿ ನೋಡಿ.

ಅಕ್ಕನ ಮಗಳಿಗಾದರೋ ಅಕ್ಕ ಭಾವ ಸೇರಿ ಪಟ್ಟಿ ಮಾಡಿಟ್ಟಿದ್ದರು. ಆ ಸಂಜೆ ಮ್ಯಾಟ್ರಿಮೊನಿಯ ಅವಳ ಪುಟವನ್ನೂ ತೋರಿಸಿದಳು. ಧರ್ಮ, ಜಾತಿ, ಉಪಜಾತಿ, ಗೋತ್ರ ಅಥವಾ ಬೆಡಗು, ಎತ್ತರ, ಸಂಬಳ, ವೀಸಾ. ಒಂದೊಂದು ಮನೆಗೆ ಗುರುತು ಹಾಕಿದಂತೆ ಸಾವಿರಾರು ಮುಖಗಳು ನೂರಾಗಿ, ನೂರು ಹತ್ತಾಗಿ ಇಳಿಯುತ್ತವೆ. ಡೇಟಿಂಗ್ ಆ್ಯಪುಗಳಲ್ಲಿ ಜಾತಿಯ ಮನೆ ಇಲ್ಲ ಎಂದು ಹಿಗ್ಗುವಂತೆಯೂ ಇಲ್ಲ, ಅಡ್ಡಹೆಸರು ಓದಲು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಜಾತಿ ನೋಡಿ ಜೋಡಿ ಹಾಕುವುದು ಇಲ್ಲಿ ಹೊಸದಲ್ಲ. ಇಕ್ರಿಸ್ಯಾಟ್ ಗೇಟಿನ ಮುಂದಿನ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ನಡೆದರೆ ಹುಮನಾಬಾದ್ ದಾಟಿದ ಮೇಲೆ ಬಸವಕಲ್ಯಾಣಕ್ಕೆ ದಾರಿ ತಿರುಗುತ್ತದೆ. ಕಲ್ಯಾಣ ಎಂದರೆ ಮದುವೆ ಎಂದೂ ಅರ್ಥವಿದೆಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಆ ಊರು ಉರಿದದ್ದು ಒಂದು ಮದುವೆಗೆ ಎನ್ನುತ್ತದೆ ಶರಣ ಪರಂಪರೆ. ಬ್ರಾಹ್ಮಣ ಮಧುವರಸನ ಮಗಳು, ಸಮಗಾರ ಹರಳಯ್ಯನ ಮಗ. ಇಬ್ಬರು ತಂದೆಯರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ. ಎಂಟು ಶತಮಾನ ಕಳೆದಿವೆ. ಆನೆಯ ಕಾಲು ಮಾಡಿದ ಕೆಲಸವನ್ನು ಇಂದು ಸದ್ದಿಲ್ಲದೆ ಒಂದು ಡ್ರಾಪ್‌ಡೌನ್ ಮಾಡುತ್ತಿದೆ. ಆ ಹುಡುಗ ಆ ಹುಡುಗಿಯ ಪರದೆಯ ಮೇಲೆ ಬರುವುದೇ ಇಲ್ಲ, ಆದ್ದರಿಂದ ಊರು ಉರಿಯುವುದೂ ಇಲ್ಲ. ಯಂತ್ರವನ್ನು ಬೈಯುವುದು ಸುಲಭ. ಆ ಮನೆಗಳನ್ನು ತುಂಬಿದ ಬೆರಳು ನಮ್ಮವೇ.

ಈಗ ಅಪ್ಪನ ಹೊಲಕ್ಕೆ ಬರುತ್ತೇನೆ. ತೊಗರಿ ವಿಚಿತ್ರ ಗಿಡ. ತನ್ನ ಹೂವಿನ ಪರಾಗದಿಂದ ತಾನೇ ಕಾಯಿ ಕಟ್ಟಬಲ್ಲದು, ಜೇನು ಬಂದರೆ ಪಕ್ಕದ ಗಿಡದ್ದನ್ನೂ ಸ್ವೀಕರಿಸುತ್ತದೆ. ತಳಿ ಶುದ್ಧವಾಗಿ ಉಳಿಯಬೇಕೆಂದು ಅಪ್ಪನವರು ಗಿಡಗಳಿಗೆ ಬಲೆಯ ಚೀಲ ಹೊದಿಸುತ್ತಿದ್ದರು. ಆಗ ಜೇನು ಕಳ್ಳ. ಬೇಕಾದ ಜೋಡಿ ಕೂಡಿಸುವುದು ಕೈಕೆಲಸ: ಅರಳದ ಮೊಗ್ಗನ್ನು ಬಿಡಿಸಿ, ಚಿಮುಟದಿಂದ ಹತ್ತು ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗ ಸವರಿ, ತಾಯಿ ತಂದೆಯ ಹೆಸರು ಬರೆದ ಚೀಟಿಯನ್ನು ದಾರದಿಂದ ಕಟ್ಟುವುದು. ಅಷ್ಟು ಮಾಡಿದರೂ ಬಹುಪಾಲು ಹೂ ಉದುರುತ್ತಿತ್ತು.

ಹಾಗಾಗಿ ಹೊಲದ ತುಂಬ ಹೈಬ್ರಿಡ್ ಬೀಜ ಬೇಕೆಂದಾಗ ಚಿಮುಟ ಸಾಲಲಿಲ್ಲ. 1991ರಲ್ಲಿ ಐಸಿಪಿಎಚ್ 8 ಬಂತು, ದ್ವಿದಳ ಧಾನ್ಯಗಳಲ್ಲಿ ಲೋಕದ ಮೊದಲ ಹೈಬ್ರಿಡ್. ಆದರೆ ಅದರ ಬೀಜ ಮಾಡುವಾಗ ಹೆಣ್ಣುಸಾಲಿನ ಅರ್ಧ ಗಿಡಗಳನ್ನು ಹೂಬಿಡುವ ಹೊತ್ತಿಗೆ ಹುಡುಕಿ ಕೀಳಬೇಕಿತ್ತು. ಕೂಲಿ ಕೈಕಚ್ಚಿತು, ರೈತರಲ್ಲಿ ಅದು ನಿಲ್ಲಲಿಲ್ಲ. ಕಡೆಗೆ ದಾರಿ ತೋರಿಸಿದ್ದು ತೊಗರಿಯ ಕಾಡಿನ ದಾಯಾದಿ, ಕಜಾನಸ್ ಕಜಾನಿಫೋಲಿಯಸ್ ಎಂಬ ಗಿಡ. ಬೇಲಿಯಾಚೆಯ ಆ ನಂಟಿನಿಂದ ಪರಾಗವಿಲ್ಲದ ಹೆಣ್ಣುಸಾಲು ಸಿಕ್ಕಿತು, 2010ರಲ್ಲಿ ಮಧ್ಯಪ್ರದೇಶದಲ್ಲಿ ಐಸಿಪಿಎಚ್ 2671 ಬಿಡುಗಡೆಯಾಯಿತು. ಈ ಬೀಜದ ಹೊಲದಲ್ಲಿ ನಾಲ್ಕು ಹೆಣ್ಣುಸಾಲಿಗೆ ಒಂದು ಗಂಡುಸಾಲು ನೆಟ್ಟು ಮನುಷ್ಯ ಹಿಂದೆ ಸರಿಯುತ್ತಾನೆ. ಮುಂದಿನ ಕೆಲಸ ಜೇನಿನದು. ನಿನ್ನೆ ಬಲೆ ಹಾಕಿ ಓಡಿಸಿದ ಜೇನು ಇಂದು ಬರಲೇಬೇಕು. ಬರದಿದ್ದರೆ ಅಷ್ಟು ವಿಜ್ಞಾನವೂ ಹಳದಿ ಹೂವಾಗಿ ಉದುರುತ್ತದೆ.

ಅಪ್ಪ ಇದನ್ನು ಹೇಳಿ ನಗುತ್ತಿದ್ದರು. ನನಗೆ ನಗು ಬಂದದ್ದು ಬಹಳ ತಡವಾಗಿ, ನಮ್ಮ ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ. ಮಗ ಮಗಳಿಗೆ ಇಪ್ಪತ್ತೈದಾಗುವವರೆಗೆ ನಾವೆಲ್ಲ ಬಲೆಯ ಚೀಲ ಹೊದಿಸುತ್ತೇವೆ. ಡ್ಯಾನ್ಸಿಗೆ ಹೋಗಬೇಡ, ಆ ಹುಡುಗನ ಜೊತೆ ಏನು ಮಾತು, ಮೊದಲು ಓದು ಮುಗಿಸು. ಇಪ್ಪತ್ತಾರಕ್ಕೆ ಕಾಲಿಟ್ಟ ದಿನವೇ, "ಯಾರನ್ನಾದರೂ ನೋಡಿಕೊಂಡಿದೀಯೇನು?" ಎಂದು ದನಿ ತಗ್ಗಿಸಿ ಕೇಳುತ್ತೇವೆ. ಇಲ್ಲ ಎಂದರೆ ಗಾಬರಿ. ಆಗ ವಾಟ್ಸ್‌ಆ್ಯಪಿನ ಬಯೋಡೇಟಾ ಗುಂಪು, ಆ್ಯಪು, ಚಂದಾ. ಸಾಲು ನೆಡುವುದರಲ್ಲಿ ನಾವು ಜಾಣರು. ಜೇನು ಯಾಕೆ ಬರುತ್ತಿಲ್ಲ ಎಂದರೆ, ಇಷ್ಟು ದಿನ ಓಡಿಸಿದವರು ಯಾರು?

ಜೇನು ಎಂದರೆ ನನ್ನ ಮಟ್ಟಿಗೆ ಚೀಟಿಯಲ್ಲಿಲ್ಲದ ಮಾತು. ಒಬ್ಬರ ಜೊತೆ ಹೊತ್ತು ಕಳೆದಾಗ ತಾನಾಗಿ ಬರುವುದು. ಔಷಧಿ ಹೊಡೆದ ಹೊಲಕ್ಕೆ ಕೋಲ್ಜೇನೂ ಬರುವುದಿಲ್ಲ, ಹೆಜ್ಜೇನೂ ಬರುವುದಿಲ್ಲ. ಆ್ಯಪಿನ ಲೋಕದ ಔಷಧಿ ಎರಡು. ಒಂದು ಅವಸರ: ಇನ್ನೊಂದು ಮುಖ ಇನ್ನೊಂದು ಹೆಬ್ಬೆರಳ ದೂರದಲ್ಲಿರುವಾಗ ಈ ಮುಖದ ಎರಡನೆಯ ಮಾತಿಗೆ ಕಾಯುವವರು ಯಾರು? ಇನ್ನೊಂದು ಭಯ, ಅದಕ್ಕೆ ಕಾರಣವೂ ಇದೆ. ವಿದೇಶದಲ್ಲಿರುವ ಎಂಜಿನಿಯರ್ ಎಂದೋ ಡಾಕ್ಟರ್ ಎಂದೋ ಹೇಳಿಕೊಂಡು ತಿಂಗಳುಗಟ್ಟಲೆ ಮಾತಾಡಿ, ಕಡೆಗೆ "ಉಡುಗೊರೆ ಕಳಿಸಿದ್ದೇನೆ, ಕಸ್ಟಮ್ಸ್ ಸುಂಕ ಕಟ್ಟು" ಎನ್ನುವ ಮೋಸ ಈಗ ಎಲ್ಲರಿಗೂ ಗೊತ್ತು. ಹಣ ಕಳೆದುಕೊಂಡವರು ಕೂಡಲೇ 1930ಕ್ಕೆ ಫೋನ್ ಮಾಡಬೇಕು. 2016ರಲ್ಲಿ ಕೇಂದ್ರ ಸರ್ಕಾರ ವಿವಾಹದ ಜಾಲತಾಣಗಳಿಗೆ ಸೂಚನೆ ಹೊರಡಿಸಿ, ಸದಸ್ಯರ ಗುರುತು ಪರಿಶೀಲಿಸಿ, ಇದು ಮದುವೆಗೆ ಮಾತ್ರ, ಡೇಟಿಂಗಿಗೆ ಅಲ್ಲ ಎಂದು ಸಾರಿ ಎಂದಿತ್ತು. ಮದುವೆಗೂ ಪರಿಚಯಕ್ಕೂ ನಡುವೆ ಬೇಲಿ ಹಾಕಲು ಸರ್ಕಾರಕ್ಕೂ ಆಸೆ.

ಆ ಮೋಸಗಾರ ತೊಡುವ ವೇಷ ಯಾರದು ಗಮನಿಸಿ. ಅದು ನಮ್ಮದು, ಹೊರನಾಡಿನವರದು. ಅದಕ್ಕೇ ಒಂದು ಮಾತು. ಊರಿನಿಂದ ಯಾರೋ ಫೋನ್ ಮಾಡಿ, "ನಿಮ್ಮ ಊರಾಗ ಇಂಥ ಹುಡುಗ ಇದ್ದಾನಂತ, ಸ್ವಲ್ಪ ನೋಡ್ತೀರೇನು?" ಎಂದರೆ ಬೇಸರಪಡಬೇಡಿ. ಅವನನ್ನು ಚಹಾಕ್ಕೆ ಕರೆಯಿರಿ. ಜಹೀರಾಬಾದಿನ ಮಾವನ ಅರ್ಧ ಕೆಲಸವನ್ನು ಯಂತ್ರ ತೆಗೆದುಕೊಂಡಿದೆ. ಜಾಮೀನು ನಿಲ್ಲುವ ಅರ್ಧ ಹಾಗೇ ಬಿದ್ದಿದೆ.

ಅಕ್ಕನ ಮಗಳ ಸುದ್ದಿ ಹೇಳದೆ ಮುಗಿಸಿದರೆ ನೀವು ಬಿಡುವುದಿಲ್ಲ. ‘ನೀನೇ’ಯಲ್ಲಿ ಸಿಕ್ಕವರು ಬಹಳ ಮಂದಿ ಬೆಂಗಳೂರಿನವರು. ಅವಳ "ಹೌದ್ರಿ" ಕೇಳಿ ಒಬ್ಬ ನಾಟಕದ ಕನ್ನಡವೇ ಎಂದನಂತೆ. ಕಡೆಗೆ ಮಾತು ಉಳಿದದ್ದು ‘ನೀತೋ’ದ ಒಬ್ಬ ತೆಲುಗು ಹುಡುಗನ ಜೊತೆ. ಏಳು ತಿಂಗಳು ಫೋನು, ಭೇಟಿ, ಎರಡು ಜಗಳ. ಅಕ್ಕ ಭಾವ ಒಂದು ತಿಂಗಳು ಊಟ ಸರಿಯಾಗಿ ಮಾಡಲಿಲ್ಲ. ಭಾಷೆ ಬೇರೆ ಎಂದರು, ಇನ್ನೊಂದು ಬೇರೆ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮರುವರ್ಷ ಹುಡುಗನ ಮನೆಗೆ ಹೋದವರಲ್ಲಿ ನಾನೂ ಒಬ್ಬಳು. ಜಹೀರಾಬಾದಿನ ಆಚೆ, ಗಡಿಗೆ ತಾಗಿದ ಹಳ್ಳಿ. ಅಂಗಳದ ಬದುವಿನಲ್ಲಿ ತೊಗರಿ ಹೂಬಿಟ್ಟಿತ್ತು. ಹಿರಿಯರು ತೆಲುಗಿನಲ್ಲಿ ಬಿಗಿಯಾಗಿ ಉಪಚಾರ ನಡೆಸಿದ್ದರು. ಅಕ್ಕ ನನ್ನ ಕಿವಿಯಲ್ಲಿ, "ನೀರು ಬೇಕಂತ ಹೆಂಗ ಕೇಳೋದೇ, ಈ ಬಿಗುಮಾನದಾಗ?" ಅಂದಳು. ಮೂಲೆಯ ಹೊರಸಿನ ಮೇಲೆ ಮುಸುಕು ಹೊದ್ದು ಕೂತಿದ್ದ ಹುಡುಗನ ಅಜ್ಜಿ ತಲೆ ಎತ್ತಿದಳು.

"ನೀರು ಬೇಕೇನವ್ವ? ತಗೋ ಬಾ. ಯಾವ ಊರಿನವರು ನೀವು? ನಂದು ತವರುಮನಿ ಭಾಲ್ಕಿ ಕಡೆ."

ಆ್ಯಪಿನಲ್ಲಿ ಹುಡುಗನ ಮಾತೃಭಾಷೆಯ ಮನೆಯಲ್ಲಿ ತೆಲುಗು ಅಂತಲೇ ಇತ್ತು. ಅಜ್ಜಿಯ ಭಾಷೆಗೆ ಅಲ್ಲಿ ಮನೆ ಇರಲಿಲ್ಲ.