ಸಮಾಧಾನದ ಓದು ಮತ್ತು ಸಹನೆಯ ಲೆಕ್ಕ

ಒಂದೇ ಬಗೆಯ ಪುಸ್ತಕವನ್ನು ಹಳಿಯಲು ನಮ್ಮ ಎರಡು ಭಾಷೆಗಳಲ್ಲಿ ಎರಡು ಮಾತುಗಳಿವೆ. ಹೆಂಗಸರು ಬರೆದು ಹೆಂಗಸರು ಓದುವ ಸಾಂಸಾರಿಕ ಕಾದಂಬರಿಗೆ ಕನ್ನಡದಲ್ಲಿ ‘ಅಡುಗೆಮನೆ ಸಾಹಿತ್ಯ’ ಎಂದರು. ಪ್ರೇಮ, ಕಣ್ಣೀರು, ಕೊನೆಗೊಂದು ಮದುವೆ ಇರುವ ಬರಹಕ್ಕೆ ಮಲಯಾಳದಲ್ಲಿ ‘ಪೈಂಕಿಳಿ’ ಎಂದರು. ಗಡಿನಾಡಿನ ಮನೆಗಳಲ್ಲಿ ಎರಡೂ ಬಗೆಯ ಪುಸ್ತಕಗಳಿರುವಂತೆ ಎರಡೂ ಬೈಗುಳಗಳೂ ಇವೆ. ಕಷ್ಟದ ದಿನದ ಕೊನೆಗೆ, ಸುಖವಾಗಿ ಮುಗಿಯುವುದೆಂದು ಮೊದಲೇ ಗೊತ್ತಿರುವ ಕತೆಯೊಂದನ್ನು ಮನಸ್ಸಿನ ಸಮಾಧಾನಕ್ಕಾಗಿ ಓದುವುದು ತಪ್ಪೇ? ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ನಾವು ದುಃಖವನ್ನು ಹೇಗೆ ತಾಳುತ್ತೇವೆ, ಯಾಕಾಗಿ ತಾಳುತ್ತೇವೆ ಎಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ.

ಮೊದಲು ಆ ಬೈಗುಳಗಳನ್ನೇ ನೋಡೋಣ. ಪೈಂಕಿಳಿ ಎಂದರೆ ಮುದ್ದಾದ ಹಸಿರು ಗಿಳಿ. ಮುಟ್ಟತ್ತು ವರ್ಕಿಯವರು ೧೯೫೫ರಲ್ಲಿ ‘ಪಾಡಾತ್ತ ಪೈಂಕಿಳಿ’ ಎಂಬ ಕಾದಂಬರಿ ಬರೆದರು. ಹಾಡದ ಗಿಳಿ ಎಂದು ಅದರ ಅರ್ಥ. ಜನ ಅದನ್ನು ಮುಗಿಬಿದ್ದು ಓದಿದರು. ಮುಂದೆ ಅಂಥ ಬರಹಕ್ಕೆಲ್ಲ ಅದೇ ಹೆಸರು ತಿರಸ್ಕಾರದ ಮಾತಾಗಿ ಅಂಟಿಕೊಂಡಿತು. ಎಳುತ್ತಚ್ಛನ್ ರಾಮಾಯಣವನ್ನು ಹಾಡಿಸಿದ್ದೂ ಗಿಳಿಯ ಬಾಯಿಂದಲೇ. ಗಿಳಿ ರಾಮಾಯಣ ಹೇಳಿದರೆ ಕರ್ಕಟಕ ಮಾಸದಲ್ಲಿ ದೀಪ ಹಚ್ಚಿ ಓದುವ ಮನೆಗಳಲ್ಲೇ, ಅದು ಒಬ್ಬ ಬಡ ಹುಡುಗಿಯ ಪ್ರೇಮದ ಕತೆ ಹೇಳಿದರೆ ಪುಸ್ತಕ ತಲೆದಿಂಬಿನ ಅಡಿಗೆ ಹೋಗುತ್ತದೆ. ‘ಅಡುಗೆಮನೆ’ಯ ಮಾತೂ ಹಾಗೆಯೇ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು (೧೯೨೮–೧೯೬೩) ಕುಟುಂಬದೊಳಗೆ ಮನಸ್ಸು ಮುರಿಯುವ ಬಗೆಯನ್ನು ‘ಶರಪಂಜರ’ದಲ್ಲಿ ಬರೆದರು. ಅಡುಗೆಮನೆ ಎಂಬುದು ಬೈಗುಳವಾಗಬೇಕಾದರೆ, ಅಲ್ಲಿ ನಡೆಯುವುದು ಬದುಕೇ ಅಲ್ಲವೆಂದು ಮೊದಲು ನಂಬಬೇಕಾಗುತ್ತದೆ.

ಹಾಗೆಂದು ಈ ಓದಿನ ಮೇಲಿನ ಆಕ್ಷೇಪಗಳನ್ನು ಸುಮ್ಮನೆ ತಳ್ಳಿಹಾಕಲಾಗದು. ಇವು ಸುಳ್ಳು ಹೇಳುತ್ತವೆ ಎಂಬುದು ಒಂದು; ಮನುಷ್ಯನನ್ನು ಹೊಣೆಯಿಂದ ತಪ್ಪಿಸಿಕೊಂಡು ಓಡಲು ಬಿಡುತ್ತವೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನಮ್ಮ ಬಯಲಾಟದಲ್ಲೇ ಇದೆ. ರಾತ್ರಿಯಿಡೀ ಕುಳಿತು ಯಕ್ಷಗಾನ ನೋಡುವ ಯಾರಿಗೆ ತಾನೇ ರಾಮನಿಗೆ ಪಟ್ಟಾಭಿಷೇಕ ಆಗುವುದು ಗೊತ್ತಿಲ್ಲ? ಗೊತ್ತಿದ್ದೂ ಬೆಳಗಿನವರೆಗೆ ಕುಳಿತುಕೊಳ್ಳುತ್ತೇವೆ. ಪ್ರೇಮಕಾದಂಬರಿಯ ಓದುಗರೂ ಇಷ್ಟೇ ತಿಳಿದವರು. ಕೊನೆಯ ಪುಟದಲ್ಲಿ ಏನಿದೆಯೆಂದು ಗೊತ್ತಿದ್ದೇ ಪುಸ್ತಕ ಕೈಗೆತ್ತಿಕೊಳ್ಳುವವರನ್ನು ಮೋಸಹೋದವರು ಎನ್ನಲಾಗದು.

ಎರಡನೆಯ ಆಕ್ಷೇಪಕ್ಕೆ ಉತ್ತರ ಕೊಡುವ ಮೊದಲು ಓದುವವರು ಯಾರು, ಯಾವಾಗ ಓದುತ್ತಾರೆ ಎಂದು ಕೇಳಬೇಕು. ಅಮೆರಿಕದ ಜಾನಿಸ್ ರ‍್ಯಾಡ್ವೇ ಎಂಬ ವಿದುಷಿ ಒಂದು ಊರಿನ ಪ್ರಣಯಕಾದಂಬರಿ ಓದುವ ಮಹಿಳೆಯರನ್ನೇ ಮಾತನಾಡಿಸಿ ೧೯೮೪ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಕತೆಯಷ್ಟೇ ಅಲ್ಲ, ಓದುವ ಹೊತ್ತು ತಮ್ಮ ಸ್ವಂತದ್ದು ಎಂಬುದೂ ಅವರಿಗೆ ಮುಖ್ಯವಾಗಿತ್ತು. ಪುಸ್ತಕ ಕೈಯಲ್ಲಿದ್ದಷ್ಟು ಹೊತ್ತು ಗಂಡನಿಗೂ ಮಕ್ಕಳಿಗೂ ಅವರು ಸಿಗುತ್ತಿರಲಿಲ್ಲ. ಇದನ್ನು ಓದಿದಾಗ ನನಗೆ ದೂರದ ಊರಿನ ಮಾತೆನಿಸಲಿಲ್ಲ. ನನ್ನ ಅಮ್ಮನಿಗೆ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ, ದನಗಳಿಗೆ ಅಕ್ಕಚ್ಚು ಇಡುವ ಮೊದಲು, ಒಂದು ಗಂಟೆ ಸಿಗುತ್ತಿತ್ತು. ಆ ಒಂದು ಗಂಟೆಯಲ್ಲಿ ‘ತರಂಗ’ದ ಧಾರಾವಾಹಿ, ಇಲ್ಲವಾದರೆ ವಾಚನಾಲಯದಿಂದ ತಂದ ಬೈಂಡು ಬಿಟ್ಟ ಕಾದಂಬರಿ. ಅಮ್ಮನಿಗೆ ಮಲಯಾಳ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನೆರೆಮನೆಯ ಏಚ್ಚಿ ಮಲಯಾಳ ವಾರಪತ್ರಿಕೆಯ ಕತೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅಮ್ಮ ಅದಕ್ಕೆ ಬದಲಾಗಿ ಎಂ. ಕೆ. ಇಂದಿರಾ ಅವರ ಕತೆ ಹೇಳುತ್ತಿದ್ದರು. ೧೯೫೬ರಲ್ಲಿ ಎಳೆದ ರಾಜ್ಯದ ಗೆರೆ ಆ ಜಗಲಿಯ ಮೇಲೆ ಇರಲಿಲ್ಲ. ಅದನ್ನು ಪಲಾಯನ ಎನ್ನುವುದಾದರೆ, ಒಂದು ಗಂಟೆ ಓಡಿಹೋಗಿ ಸರಿಯಾದ ಹೊತ್ತಿಗೆ ಹಟ್ಟಿಗೆ ಮರಳಿ ಬರುವ ಪಲಾಯನ ಅದು. ದಿನವಿಡೀ ದುಡಿದವರ ವಿಶ್ರಾಂತಿಯನ್ನು ವಿಚಾರಣೆಗೆ ಒಳಪಡಿಸುವ ಹಕ್ಕು, ಆ ದುಡಿತದಲ್ಲಿ ಪಾಲು ಪಡೆಯದವರಿಗೆ ಇದೆಯೆಂದು ನಾನು ಒಪ್ಪುವುದಿಲ್ಲ.

ಆದರೆ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ಸಮಾಧಾನ ಕೊಡುವ ಕಾದಂಬರಿಗಳಲ್ಲಿ ಒಂದು ಜಾತಿಯದ್ದು ನನ್ನನ್ನು ಕಾಡುತ್ತದೆ. ಅಲ್ಲಿ ಗಂಡ ಅನುಮಾನಿಸುತ್ತಾನೆ, ಅತ್ತೆ ಹಿಂಸಿಸುತ್ತಾಳೆ, ನಾಯಕಿ ತುಟಿಕಚ್ಚಿ ಎಲ್ಲವನ್ನೂ ಸಹಿಸುತ್ತಾಳೆ. ಕಡೆಯ ಅಧ್ಯಾಯದಲ್ಲಿ ಗಂಡನಿಗೆ ಪಶ್ಚಾತ್ತಾಪವಾಗಿ ಎಲ್ಲವೂ ಸರಿಹೋಗುತ್ತದೆ. ನಾನು ಬ್ಯಾಂಕಿನ ಗುಮಾಸ್ತಿಕೆಯವರ ಪೈಕಿ. ನನಗೆ ಇದೊಂದು ಠೇವಣಿ ಯೋಜನೆಯಂತೆ ಕಾಣುತ್ತದೆ. ಇಷ್ಟು ವರ್ಷ ಸಹನೆಯನ್ನು ಜಮೆ ಮಾಡಿದರೆ ಅವಧಿ ಮುಗಿದಾಗ ಸುಖ ಬಡ್ಡಿ ಸಮೇತ ಕೈಸೇರುತ್ತದೆ ಎಂಬ ಭರವಸೆ. ಆದರೆ ಈ ಠೇವಣಿಗೆ ರಸೀದಿ ಇಲ್ಲ. ಹಣ ಕೊಡಬೇಕಾದವನಿಗೆ ತಾನು ಸಾಲಗಾರ ಎಂಬುದೇ ತಿಳಿದಿಲ್ಲ.

ನಮ್ಮ ದೂರದ ಸಂಬಂಧದಲ್ಲಿ ಒಬ್ಬರು ಅಕ್ಕ ಇದ್ದರು. ಗಂಡನ ಕುಡಿತ, ಹೊಡೆತ ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರಾದರೂ ಕೇಳಿದರೆ, “ತಾಳಿದವನು ಬಾಳಿಯಾನು ಅಂತ ಗಾದೆ ಉಂಟಲ್ಲ, ಕಡೆಗೆ ಒಂದು ದಿನ ಎಲ್ಲ ಸರಿಯಾಗ್ತದೆ” ಎನ್ನುತ್ತಿದ್ದರು. ಈ ಮಾತನ್ನು ಕಾದಂಬರಿಯೊಂದೇ ಅವರಿಗೆ ಕಲಿಸಿತೆಂದು ನಾನು ಹೇಳಲಾರೆ. ಹಿರಿಯರೂ ಅದನ್ನೇ ಹೇಳಿದ್ದರು, ಸಿನಿಮಾಗಳೂ ಅದನ್ನೇ ತೋರಿಸಿದ್ದವು. ಹದಿನಾರು ವರ್ಷದ ಮೇಲೆ ಅವರು ತವರಿಗೆ ಮರಳಿದಾಗ ಕೊರಳಲ್ಲಿ ಕರಿಮಣಿ ಬಿಟ್ಟರೆ ಚಿನ್ನವಿರಲಿಲ್ಲ. ಉಳಿದದ್ದೆಲ್ಲ ಅಡವು ಹೋಗಿತ್ತು. ತಾಳಿದ್ದರು, ಬಾಳಿರಲಿಲ್ಲ. ಸುಖಾಂತ್ಯ ತಪ್ಪಲ್ಲ. ಹಿಂಸೆಯನ್ನು ಸಹಿಸುವುದೇ ಆ ಸುಖಕ್ಕೆ ತೆರಬೇಕಾದ ಬೆಲೆ ಎಂದು ನಂಬಿಸುವುದು ತಪ್ಪು.

ಈ ಅಳತೆಗೋಲಿನಿಂದ ನೋಡಿದರೆ, ಜನಪ್ರಿಯವೆಂದು ಬದಿಗೆ ಸರಿಸಿದ ಎಷ್ಟೋ ಪುಸ್ತಕಗಳು ಬೇರೆಯಾಗಿಯೇ ಕಾಣುತ್ತವೆ. ತ್ರಿವೇಣಿಯವರ ‘ಬೆಳ್ಳಿಮೋಡ’ದ ಇಂದಿರಾ ಆಸ್ತಿಗೆ ಒಬ್ಬಳೇ ವಾರಸುದಾರಳೆಂದು ಮದುವೆಗೆ ಒಪ್ಪಿದ್ದವನು, ಅವಳಿಗೆ ತಮ್ಮ ಹುಟ್ಟಿದಾಗ ಹಿಂದೆ ಸರಿಯುತ್ತಾನೆ. ಕೊನೆಗೆ ಅವನಿಗೆ ಬುದ್ಧಿ ಬಂದರೂ ಅವಳು ಒಪ್ಪುವುದಿಲ್ಲ. ನಮ್ಮ ಮನೆಗಳ ಹೆಂಗಸರು ಇದನ್ನು ಓದಿ ಅತ್ತರು ನಿಜ, ಆದರೆ ಆ ಅಳುವಿನಲ್ಲಿ ಒಂದು ತೃಪ್ತಿಯೂ ಇತ್ತು. ಅವರದೇ ‘ಬೆಕ್ಕಿನ ಕಣ್ಣು’ ಪುಟ್ಟಣ್ಣ ಕಣಗಾಲರ ಕೈಯಲ್ಲಿ ೧೯೬೬ರಲ್ಲಿ ‘ಪೂಚ್ಚಕ್ಕಣ್ಣಿ’ ಎಂಬ ಮಲಯಾಳ ಚಿತ್ರವಾಯಿತು. ಅಡುಗೆಮನೆಯ ಕತೆ ಗಡಿ ದಾಟಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಡಿಗ್ರಿ ಓದುತ್ತಿರುವ ನನ್ನ ಮಗಳ ಮೇಜಿನ ಮೇಲಿರುವ ಇಂಗ್ಲಿಷ್ ಪುಸ್ತಕಗಳಲ್ಲೂ ನಾನು ಇದನ್ನೇ ಹುಡುಕುತ್ತೇನೆ. ಕಾಲೀನ್ ಹೂವರ್ ೨೦೧೬ರಲ್ಲಿ ಬರೆದ ‘ಇಟ್ ಎಂಡ್ಸ್ ವಿತ್ ಅಸ್’ ಪ್ರಣಯಕಾದಂಬರಿಯಾಗಿ ಶುರುವಾಗುತ್ತದೆ. ಆದರೆ ನಾಯಕಿ ತನ್ನ ಮೇಲೆ ಕೈಮಾಡುವ ಗಂಡನನ್ನು, ಪ್ರೀತಿಯಿದ್ದರೂ, ಮಗಳಿಗಾಗಿ ಬಿಡುತ್ತಾಳೆ. ಜಪಾನಿನ ತೊಶಿಕಾಜು ಕವಾಗುಚಿಯವರ ೨೦೧೫ರ ಕಾದಂಬರಿಯೊಂದರಲ್ಲಿ ಕಾಫಿ ಅಂಗಡಿಯ ಒಂದು ಕುರ್ಚಿಯಲ್ಲಿ ಕುಳಿತವರು ಹಿಂದಿನ ಕಾಲಕ್ಕೆ ಹೋಗಿ ಬರಬಹುದು. ಕಾಫಿ ತಣಿಯುವ ಮೊದಲು ಮರಳಬೇಕು. ಅಲ್ಲಿ ಏನು ಮಾಡಿದರೂ ಇಂದಿನದು ಬದಲಾಗದು. ಬದಲಾಗದೆಂದು ಮೊದಲೇ ಹೇಳಿಯೂ ಆ ಪುಸ್ತಕ ಮನಸ್ಸನ್ನು ಹಗುರ ಮಾಡುತ್ತದೆ. ಇದು ಲೆಕ್ಕ ತಪ್ಪದ ಸಮಾಧಾನ.

ಹಾಗಾದರೆ ಸಮಾಧಾನವೇ ಇಲ್ಲದ ಪುಸ್ತಕಗಳು? ಅವೂ ಬೇಕು. ನಮ್ಮ ಕಾಸರಗೋಡಿನವರೇ ಆದ ಸಾರಾ ಅಬೂಬಕ್ಕರ್ (೧೯೩೬–೨೦೨೩) ‘ಚಂದ್ರಗಿರಿಯ ತೀರದಲ್ಲಿ’ ಬರೆದು ನಾದಿರಾಳನ್ನು ನಮ್ಮ ಮುಂದೆ ನಿಲ್ಲಿಸಿದರು. ಹಟಮಾರಿ ತಂದೆ ಗಂಡನಿಂದ ಬೇರೆ ಮಾಡಿದ ಆ ಹುಡುಗಿಗೆ ಕಡೆಗೆ ಸಿಕ್ಕಿದ್ದು ಮಸೀದಿಯ ಕೆರೆಯ ನೀರು. ಆ ಪುಸ್ತಕ ಮುಚ್ಚಿದ ಮೇಲೆ ನಿದ್ದೆ ಬರುವುದಿಲ್ಲ, ಬರಬಾರದು ಕೂಡ. ಆದರೆ ವರ್ಷದ ಮುನ್ನೂರ ಅರುವತ್ತೈದು ರಾತ್ರಿಯೂ ನಿದ್ದೆಗೆಟ್ಟು ಯಾರೂ ಬದುಕಲಾರರು. ಔಷಧಿಯೂ ಬೇಕು, ಗಂಜಿಯೂ ಬೇಕು. ಔಷಧಿಯ ಮೇಲಿನ ಗೌರವದಿಂದ ಗಂಜಿಯನ್ನು ಹಳಿಯುವುದು ಸಲ್ಲದು. ಗಂಜಿಯಲ್ಲಿ ಕಲ್ಲು ಬಾರದಂತೆ ಅಕ್ಕಿ ಆರಿಸಬೇಕು, ಅಷ್ಟೆ.

ನಮ್ಮಂಥ ಅಲ್ಪಸಂಖ್ಯಾತ ಕನ್ನಡ ಕುಟುಂಬಗಳಿಗೆ ಈ ಗಂಜಿ ಇನ್ನೊಂದು ಉಪಕಾರ ಮಾಡಿದೆ. ಶಾಲೆಯ ಪಾಠಪುಸ್ತಕ ಮುಚ್ಚಿದ ಮೇಲೂ ಕನ್ನಡ ಅಕ್ಷರ ಕಣ್ಣಿಗೆ ಬೀಳುತ್ತಿದ್ದದ್ದು ಎಷ್ಟೋ ಮನೆಗಳಲ್ಲಿ ಈ ಕಾದಂಬರಿಗಳಿಂದ. ಮಹಾಕಾವ್ಯ ಕಪಾಟಿನಲ್ಲಿ ಭದ್ರವಾಗಿತ್ತು. ದಿನನಿತ್ಯ ಕೈಯಿಂದ ಕೈಗೆ ಹೋಗುತ್ತಿದ್ದದ್ದು ಸಾಯಿಸುತೆಯವರ ಪುಸ್ತಕ. ಈಗ ಅಂಥ ಧಾರಾವಾಹಿಗಳು ಮೊಬೈಲಿನಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರುತ್ತಿವೆ. ಸಂಜೆಯ ಬಸ್ಸಿನಲ್ಲಿ ಕಂಬಕ್ಕೆ ಒರಗಿ ಅವನ್ನು ಓದುವ ಹುಡುಗಿಯರನ್ನು ನಾನು ನೋಡುತ್ತಿರುತ್ತೇನೆ. ಅಕ್ಷರ ಕನ್ನಡದ್ದೆಂದು ಕಂಡಾಗ ನನಗೆ ಸಂತೋಷವಾಗುತ್ತದೆ.

ಅವರ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಬೇಡ. ನಾವು ಹಿರಿಯರು ಮಾಡಬಹುದಾದದ್ದು ಅವರೊಡನೆ ಕೂತು ಆ ಕತೆ ಕೇಳುವುದು. ಕೇಳಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಬಹುದು: ಆ ಹುಡುಗಿ ಸುಖವಾಗಿದ್ದದ್ದು ಅವಳನ್ನು ಪ್ರೀತಿಸಿದ್ದರಿಂದಲೋ, ಅವಳು ಎಲ್ಲವನ್ನೂ ಸಹಿಸಿಕೊಂಡದ್ದರಿಂದಲೋ? ಉತ್ತರ ಅವರೇ ಹೇಳಲಿ. ನೆರೆಮನೆಯ ಏಚ್ಚಿ ಮತ್ತು ನನ್ನ ಅಮ್ಮ ಕತೆ ಮುಗಿದ ಮೇಲೆ ಅರ್ಧ ಗಂಟೆ ವಾದ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು.